ಲಾನ್ ಅಲ್ಲಲ್ಲಿ ಬೋಳಾದರೆ: ಹೊಸ ಹುಲ್ಲು ಹಾಕುವ ಮೊದಲು ನೋಡಬೇಕಾದ್ದು

ಮರದ ಕೆಳಗಿನ ಎರಡು ಚಾಪೆಯಷ್ಟು ಜಾಗಕ್ಕೆ ನಾನು ಮೂರು ಸಲ ಗರಿಕೆ ನೆಟ್ಟಿದ್ದೇನೆ. ಮೂರು ಸಲವೂ ಒಂದು ತಿಂಗಳು ಹಸಿರಾಗಿತ್ತು. ಆಮೇಲೆ ತೆಳ್ಳಗಾಗುತ್ತಾ ಬಂದು ಮಣ್ಣು ಕಾಣಿಸಿತು. ಪಕ್ಕದ ಮನೆಯ ಹಿರಿಯರು "ನೀರು ಸಾಲ್ತಿಲ್ಲ ಕಣಮ್ಮಾ" ಅಂದರು. ನೀರು ಜಾಸ್ತಿ ಬಿಟ್ಟೆ, ಪಾಚಿ ಬಂತು. ಗೊಬ್ಬರ ಕಮ್ಮಿಯಾಗಿರಬೇಕು ಅಂತ ಯೂರಿಯಾ ಹಾಕಿದೆ, ಹುಲ್ಲು ಉದ್ದುದ್ದ ಎದ್ದು ಅಡ್ಡ ಬಿತ್ತು. ನಾಲ್ಕನೇ ಸಲ ನೆಡುವ ಮೊದಲು ಒಂದು ದಿನವಿಡೀ ಆ ಜಾಗಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ಬರೆದಿಟ್ಟೆ. ಎರಡೂವರೆ ಗಂಟೆ! ಗರಿಕೆಗೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಮೂರು ಸಲವೂ ನಾನು ನೆಟ್ಟದ್ದು ಅಲ್ಲಿ ಬದುಕಲು ಸಾಧ್ಯವೇ ಇಲ್ಲದ ಹುಲ್ಲನ್ನು.

ಬೋಳು ಬಿದ್ದ ಜಾಗ ನೋಡಲು ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಕಾರಣ ಮಾತ್ರ ಬೇರೆ ಬೇರೆ. ನೆರಳಿರಬಹುದು, ಕಾವಿರಬಹುದು, ಗಟ್ಟಿಯಾದ ಮಣ್ಣಿರಬಹುದು, ಹುಳುವೋ ಬೂಜೋ ಇರಬಹುದು, ನಾಯಿ ಉಚ್ಚೆ ಹೊಯ್ದಿರಬಹುದು. "ಯಾವ ಹುಲ್ಲು ಒಳ್ಳೆಯದು?" ಅನ್ನುವ ಪ್ರಶ್ನೆಗೆ ಇವುಗಳಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಉತ್ತರವೇ ಇಲ್ಲ. ಹಾಗಾಗಿ ಹುಲ್ಲಿನ ಆಯ್ಕೆಯನ್ನು ಸ್ವಲ್ಪ ಹಿಂದಕ್ಕೆ ಇಟ್ಟಿದ್ದೇನೆ. ಮೊದಲು ಪತ್ತೆ ಕೆಲಸ.

ಬೋಳು ಜಾಗದ ಆಕಾರ ಏನು ಹೇಳುತ್ತದೆ

ಲಾನಿನ ಮೇಲೆ ನಿಂತು ನೋಡಬೇಡಿ. ಮಹಡಿ ಇದ್ದರೆ ಹತ್ತಿ, ಇಲ್ಲದಿದ್ದರೆ ಒಂದು ಕುರ್ಚಿಯ ಮೇಲಾದರೂ ನಿಂತು ನೋಡಿ. ಮೇಲಿನಿಂದ ನೋಡಿದಾಗ ಆಕಾರ ಥಟ್ಟನೆ ಕಾಣುತ್ತದೆ.

ಬೋಳು ಜಾಗ ಮರದ ಕೊಂಬೆಗಳ ಹರವಿನಷ್ಟೇ ಇದೆಯಾ? ಅಥವಾ ಗೋಡೆಯ ನೆರಳಿನ ಗೆರೆಯಲ್ಲೇ ಮುಗಿಯುತ್ತದಾ? ಹಾಗಿದ್ದರೆ ನೆರಳಿನದ್ದೇ ಕೆಲಸ. ಬಿಸಿಲಿಗೆ ಮುಖ ಮಾಡಿದ ಗೋಡೆಯ ಬುಡದಲ್ಲಿ, ಕಾಂಕ್ರೀಟ್ ಹಾದಿಯ ಅಂಚಿನಲ್ಲಿ ಒಂದು ಅಡಿ ಅಗಲದ ಪಟ್ಟಿ ಒಣಗಿದ್ದರೆ ಅದು ಕಾವು. ಕಲ್ಲು, ಸಿಮೆಂಟು ಹಗಲೆಲ್ಲಾ ಬಿಸಿ ಹೀರಿಕೊಂಡು ಪಕ್ಕದ ಮಣ್ಣಿಗೆ ದಾಟಿಸುತ್ತವೆ. ಗೇಟಿನಿಂದ ಬಾಗಿಲಿಗೆ ಓರೆಯಾಗಿ ಹೋಗುವ ಪಟ್ಟಿ ತುಳಿತದ್ದು, ಅದಕ್ಕೆ ಪರೀಕ್ಷೆಯೇ ಬೇಡ. ಅಂಗೈಯಗಲದ ಗುಂಡನೆಯ ಮಚ್ಚೆ, ನಡುವೆ ಸುಟ್ಟಂತೆ ಹಳದಿ, ಸುತ್ತ ಕಡು ಹಸಿರಿನ ಉಂಗುರ ಇದ್ದರೆ ನಾಯಿಯ ಉಚ್ಚೆ. ಅದರಲ್ಲಿರುವ ಸಾರಜನಕ ನಡುವೆ ಜಾಸ್ತಿಯಾಗಿ ಸುಡುತ್ತದೆ, ಅಂಚಿನಲ್ಲಿ ಹದವಾಗಿ ಗೊಬ್ಬರವಾಗುತ್ತದೆ. ಗೊಬ್ಬರ ಒಂದೇ ಕಡೆ ಚೆಲ್ಲಿದರೂ ಹೀಗೇ ಆಗುತ್ತದೆ. ಕೂಡಲೇ ನೀರು ಹುಯ್ದರೆ ಹುಲ್ಲು ಉಳಿಯುತ್ತದೆ, ಮರುದಿನ ಹುಯ್ದರೆ ತಡವಾಯಿತು.

ಆಕಾರವೇ ಇಲ್ಲದೆ, ಬಿಸಿಲಿರುವ ಜಾಗದಲ್ಲೇ ಅಲ್ಲಲ್ಲಿ ಹಳದಿಯಾಗಿ ಹರಡುತ್ತಾ ಹೋಗುತ್ತಿದ್ದರೆ ಹುಳು, ಬೂಜು, ನೀರಿನ ಹಂಚಿಕೆ ಈ ಮೂರನ್ನೂ ನೋಡಬೇಕು. ಇನ್ನು ಎಲ್ಲಾ ಕಡೆ ಒಂದೇ ಸಮ ತುದಿ ಮಾತ್ರ ಬೆಳ್ಳಗೆ, ನಾರು ಎಳೆದಂತಿದ್ದರೆ ಅದು ರೋಗವೇ ಅಲ್ಲ. ಮೋವರ್‌ನ ಬ್ಲೇಡ್ ಮೊಂಡಾಗಿದೆ, ಸಾಣೆ ಹಿಡಿಸಿ.

ಕೈಯಲ್ಲೇ ಮಾಡುವ ನಾಲ್ಕು ಪರೀಕ್ಷೆ

ಎಳೆದು ನೋಡುವುದು ಮೊದಲನೆಯದು. ಒಣಗಿದ ಜಾಗದಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ನಿಂತರೆ ಬೇರು ಬದುಕಿದೆ, ಹುಲ್ಲು ಮಲಗಿದೆ ಅಷ್ಟೇ. ಬುಡವನ್ನು ಉಗುರಿನಿಂದ ಬಿಡಿಸಿ ನೋಡಿ. ಬಿಳಿಯಾಗಿ, ಗಟ್ಟಿಯಾಗಿ ಇದ್ದರೆ ನೀರು, ತಂಪು ಸಿಕ್ಕಾಗ ಚಿಗುರುತ್ತದೆ. ಕಂದಾಗಿ ಪುಡಿಪುಡಿಯಾದರೆ ಸತ್ತಿದೆ. ಮಲಗಿದ ಹುಲ್ಲನ್ನು ಸತ್ತಿತು ಅಂತ ಅಗೆದು ಬಿಸಾಕಿದವರು ಬಹಳ ಜನ. ನೋಡಿದಾಗಲೆಲ್ಲಾ ನನಗೆ ಸಂಕಟ ಆಗುತ್ತದೆ.

ಎಳೆದ ಕೂಡಲೇ ಜಮಖಾನೆ ಸುತ್ತಿದಂತೆ ಇಡೀ ಹುಲ್ಲು ಎದ್ದು ಬಂತಾ? ಕೆಳಗೆ ಗೊಣ್ಣೆಹುಳು ಬೇರು ತಿಂದಿದೆ. ಒಣಗಿದ ಜಾಗಕ್ಕೂ ಹಸಿರಿಗೂ ನಡುವಿನ ಗಡಿಯಲ್ಲಿ ಒಂದು ಚದರ ಅಡಿಯನ್ನು ಮೂರು ಕಡೆ ಕತ್ತರಿಸಿ, ಪುಸ್ತಕದ ಹಾಳೆಯಂತೆ ಮಗುಚಿ. ಬೆಳ್ಳಗೆ, ಕಂದು ತಲೆಯ, ಅರ್ಧಚಂದ್ರದಂತೆ ಮುದುಡಿದ ಹುಳು ಒಂದೆರಡು ಕಂಡರೆ ಗಾಬರಿ ಬೇಡ. ಆರೋಗ್ಯವಾದ ಲಾನು ಅಷ್ಟನ್ನು ತಡೆದುಕೊಳ್ಳುತ್ತದೆ. ಒಂದು ಚದರ ಅಡಿಗೆ ಎಂಟು ಹತ್ತು ಸಿಕ್ಕರೆ ಮೊದಲು ಹುಳುವಿನ ಕೆಲಸ, ಆಮೇಲೆ ಹುಲ್ಲಿನ ಮಾತು. ಹುಳು ಒಳಗಿಟ್ಟುಕೊಂಡು ಮೇಲೆ ಹೊಸ ಹುಲ್ಲು ಹಾಸಿದರೆ ಅದಕ್ಕೆ ಹೊಸ ಊಟ ಬಡಿಸಿದ ಹಾಗೆ.

ಎರಡನೆಯದು ಸ್ಕ್ರೂಡ್ರೈವರ್ ಪರೀಕ್ಷೆ. ನೀರು ಬಿಟ್ಟ ಮರುದಿನ, ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ಹಸಿರು ಜಾಗದಲ್ಲೂ ಬೋಳು ಜಾಗದಲ್ಲೂ ಚುಚ್ಚಿ. ಹಸಿರಿನಲ್ಲಿ 15 ಸೆಂಟಿಮೀಟರ್ ಸಲೀಸಾಗಿ ಇಳಿದು, ಬೋಳಿನಲ್ಲಿ ಮೂರು ನಾಲ್ಕಕ್ಕೇ ನಿಂತರೆ ಮಣ್ಣು ಒತ್ತಿ ಗಟ್ಟಿಯಾಗಿದೆ. ಟಣ್ ಅಂತ ಸದ್ದು ಬಂದರೆ ಕೆಳಗೆ ಇಟ್ಟಿಗೆಯೋ ಜಲ್ಲಿಯೋ ಇದೆ. ಮನೆ ಕಟ್ಟಿದಾಗಿನ ಕಸವನ್ನು ಅಲ್ಲೇ ಹೂತು ಮೇಲೊಂದಿಷ್ಟು ಮಣ್ಣು ಎಳೆದು ಹುಲ್ಲು ಹಾಸಿರುತ್ತಾರೆ. ಆ ಜಾಗ ಮಳೆಗಾಲದಲ್ಲಿ ಹಸಿರಾಗಿದ್ದು, ಬಿಸಿಲು ಶುರುವಾದ ಕೂಡಲೇ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಪ್ರತಿ ವರ್ಷ ಅದೇ ಜಾಗ, ಅದೇ ಹೊತ್ತು ಅಂದರೆ ಅಗೆದೇ ನೋಡಬೇಕು.

ಮೂರನೆಯದು ಡಬ್ಬಿಗಳ ಪರೀಕ್ಷೆ. ಸ್ಪ್ರಿಂಕ್ಲರ್ ಇರುವವರಿಗೆ ಇದು ಬೇಕೇ ಬೇಕು. ಒಂದೇ ಅಳತೆಯ, ನೆಟ್ಟಗಿನ ಗೋಡೆಯ ಏಳೆಂಟು ಡಬ್ಬಿಗಳನ್ನು ಲಾನಿನ ಮೇಲೆ ಅಲ್ಲಲ್ಲಿ ಇಡಿ. ಒಂದೆರಡು ಬೋಳು ಜಾಗದಲ್ಲೂ ಇರಲಿ. 20 ನಿಮಿಷ ನೀರು ಬಿಟ್ಟು ಒಳಗಿನ ಮಟ್ಟ ಅಳೆಯಿರಿ. ಕೆಲವು ಡಬ್ಬಿಯಲ್ಲಿ ಅರ್ಧಕ್ಕರ್ಧ ಕಮ್ಮಿ ನೀರಿದ್ದರೆ ಹುಲ್ಲಿನ ತಪ್ಪಿಲ್ಲ, ತೂತು ಕಟ್ಟಿಕೊಂಡ ನಳಿಗೆಯನ್ನೋ ಓರೆಯಾದ ಸ್ಪ್ರಿಂಕ್ಲರನ್ನೋ ಸರಿಮಾಡಿ.

ನಾಲ್ಕನೆಯದು ಸೋಪಿನ ನೀರು. ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ಹಳದಿ ಜಾಗದ ಅಂಚಿನಲ್ಲಿ ಒಂದು ಚದರ ಮೀಟರಿನಷ್ಟು ಕಡೆ ಹುಯ್ಯಿರಿ. ಹತ್ತು ನಿಮಿಷ ಅಲ್ಲೇ ಇರಿ. ಎಲೆ ಮೇಯುವ ಸೈನಿಕ ಹುಳುವಿನಂಥವು ಇದ್ದರೆ ಉಸಿರು ಕಟ್ಟಿ ಮೇಲೆ ಹರಿದು ಬರುತ್ತವೆ. ಗೊಣ್ಣೆಹುಳು ಇದಕ್ಕೆ ಮೇಲೆ ಬರುವುದಿಲ್ಲ, ಅದಕ್ಕೆ ಅಗೆಯಲೇಬೇಕು.

ಬೂಜನ್ನು ಹಿಡಿಯಲು ಬೆಳಗಿನ ಜಾವವೇ ಸರಿಯಾದ ಹೊತ್ತು. ಇಬ್ಬನಿ ಆರುವ ಮೊದಲು ಹೋಗಿ. ಹಳದಿ ಜಾಗದಲ್ಲಿ ಜೇಡರ ಬಲೆಯಂಥ ಬಿಳಿ ಎಳೆ, ಎಲೆಯ ಮೇಲೆ ಕಂದು ಅಂಚಿನ ಮಚ್ಚೆ ಕಂಡರೆ ಬೂಜುರೋಗ. ಇಲ್ಲಿ ಸಂಜೆ ನೀರು ಬಿಡುವ ಅಭ್ಯಾಸವನ್ನು ಮೊದಲು ಬಿಡಬೇಕು. ರಾತ್ರಿಯೆಲ್ಲಾ ಎಲೆ ಒದ್ದೆಯಾಗಿದ್ದು, ಹವೆ ಬೆಚ್ಚಗಿದ್ದರೆ ಬೂಜಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ. ನೀರನ್ನು ಬೆಳಿಗ್ಗೆಗೆ ಬದಲಾಯಿಸಿ, ಸಾರಜನಕದ ಗೊಬ್ಬರ ನಿಲ್ಲಿಸಿ ಎರಡು ವಾರ ಕಾದರೆ ಎಷ್ಟೋ ಸಲ ಅಷ್ಟಕ್ಕೇ ಹತೋಟಿಗೆ ಬರುತ್ತದೆ.

ನೆರಳನ್ನು ಅಳೆಯುವುದು ಹೇಗೆ

ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇದು. ಅರ್ಧಕ್ಕಿಂತ ಜಾಸ್ತಿ ಬೋಳು ಲಾನುಗಳಲ್ಲಿ ನಾನು ಕಂಡಿರುವುದು ನೆರಳಿನ ತೊಂದರೆಯನ್ನೇ.

ನೆರಳಿನಿಂದ ಸೊರಗಿದ ಹುಲ್ಲು ಒಮ್ಮೆಲೇ ಒಣಗುವುದಿಲ್ಲ. ಮೊದಲು ಎಲೆ ಕಿರಿದಾಗಿ ಉದ್ದವಾಗುತ್ತದೆ. ಗೆಣ್ಣಿಗೂ ಗೆಣ್ಣಿಗೂ ನಡುವಿನ ದೂರ ಹೆಚ್ಚುತ್ತದೆ. ನೆಲಕ್ಕಂಟಿ ಹಬ್ಬಬೇಕಾದ ಗರಿಕೆ ಬೆಳಕು ಹುಡುಕಿಕೊಂಡು ನೆಟ್ಟಗೆ ಏಳುತ್ತದೆ. ಆಮೇಲೆ ಸಂದಿಸಂದಿಯಲ್ಲಿ ಮಣ್ಣು ಕಾಣುತ್ತದೆ, ಪಾಚಿ ಕೂರುತ್ತದೆ, ಎಲೆಯ ಮೇಲೆ ಬೂದಿ ಉದುರಿಸಿದಂಥ ಬೂಜು ಬರುತ್ತದೆ. ಕಾವಿನಿಂದ ಒಣಗಿದ ಹುಲ್ಲಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಷ್ಟೇ: ಅಲ್ಲಿ ಹುಲ್ಲು ಇದ್ದ ಜಾಗದಲ್ಲೇ ಒಣಗುತ್ತದೆ, ಇಲ್ಲಿ ಹುಲ್ಲು ಮೆಲ್ಲಗೆ ಇಲ್ಲವಾಗುತ್ತದೆ.

ಅಳತೆ ಸುಲಭ. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ರಾತ್ರಿ ಕೂತು, ಆ ಬೋಳು ಜಾಗಕ್ಕೆ ಎಷ್ಟು ಫೋಟೊದಲ್ಲಿ ನೇರ ಬಿಸಿಲು ಬಿದ್ದಿದೆ ಅಂತ ಎಣಿಸಿ. ಎಲೆಗಳ ಸಂದಿಯಿಂದ ಚುಕ್ಕೆಚುಕ್ಕೆಯಾಗಿ ಬಿದ್ದ ಬಿಸಿಲಿಗೆ ಅರ್ಧ ಗಂಟೆ ಅಂತ ಲೆಕ್ಕ ಹಾಕಿ. ಇದು ನನ್ನದೇ ರೂಢಿ, ಆದರೆ ಕೆಲಸಕ್ಕೆ ಬರುತ್ತದೆ. ಸಾಧ್ಯವಾದರೆ ಆರು ತಿಂಗಳು ಬಿಟ್ಟು ಮತ್ತೊಮ್ಮೆ ತೆಗೆಯಿರಿ. ಸೂರ್ಯನ ದಾರಿ ಬದಲಾಗುತ್ತದೆ, ಕೆಲವು ಮರ ಎಲೆ ಉದುರಿಸುತ್ತವೆ. ಒಂದು ಕಾಲದಲ್ಲಿ 7 ಗಂಟೆ ಬಿಸಿಲಿದ್ದ ಜಾಗಕ್ಕೆ ಇನ್ನೊಂದು ಕಾಲದಲ್ಲಿ 3 ಗಂಟೆಯೂ ಸಿಗದಿರಬಹುದು.

ಗೋಡೆಯ ನೆರಳು, ಮರದ ನೆರಳು ಎರಡೂ ಒಂದೇ ಅಲ್ಲ. ಗೋಡೆಯ ನೆರಳಿನಲ್ಲಿ ಬೆಳಕು ಕಮ್ಮಿ, ಆದರೆ ಮೇಲೆ ತೆರೆದ ಆಕಾಶ ಇರುತ್ತದೆ. ಮರದ ಎಲೆಗಳೋ, ಹುಲ್ಲಿಗೆ ಊಟ ತಯಾರಿಸಲು ಬೇಕಾದ ಕೆಂಪು ಮತ್ತು ನೀಲಿ ಬೆಳಕನ್ನು ತಾವೇ ಹೀರಿಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತವೆ. ಕಣ್ಣಿಗೆ ಬೆಳಕಿದೆ ಅನ್ನಿಸುತ್ತದೆ, ಹುಲ್ಲಿನ ಪಾಲಿಗೆ ಅದು ಸಪ್ಪೆ ಬೆಳಕು. ಅದರ ಮೇಲೆ ಬೇರಿನ ಪೈಪೋಟಿ ಬೇರೆ. ಮರದ ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ಹುಲ್ಲಿನ ಬೇರೂ ಅಲ್ಲೇ. ಹಾಗಾಗಿ ಎರಡೂ ಕಡೆ ಒಂದೇ ಗಂಟೆ ಲೆಕ್ಕ ಬಂದರೂ, ಗೋಡೆ ಬುಡದಲ್ಲಿ ಬದುಕಿದ ಹುಲ್ಲು ಮರದ ಬುಡದಲ್ಲಿ ಸೋಲಬಹುದು.

ಎಷ್ಟು ಬಿಸಿಲಿಗೆ ಯಾವ ಹುಲ್ಲು

ಇಲ್ಲಿ ಒಂದು ಮಾತು ಮೊದಲೇ ತಿಳಿದಿರಲಿ. ಲಾನಿನ ಹುಲ್ಲುಗಳು ಎರಡು ಗುಂಪು. ಬೆಚ್ಚಗಿನ ಹವೆಯ ಹುಲ್ಲುಗಳು 27ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸೊಗಸಾಗಿ ಬೆಳೆಯುತ್ತವೆ. ಗರಿಕೆ, ಅಂದರೆ ಬರ್ಮುಡಾ, ಝಾಯ್ಸಿಯಾ, ಸೇಂಟ್ ಅಗಸ್ಟೀನ್, ಅಗಲ ಎಲೆಯ ಕಾರ್ಪೆಟ್ ಹುಲ್ಲು, ಬಹಿಯಾ ಇವೆಲ್ಲಾ ಈ ಗುಂಪು. ತಂಪು ಹವೆಯ ಹುಲ್ಲುಗಳಿಗೆ 15ರಿಂದ 24 ಡಿಗ್ರಿ ಹದ. ಟಾಲ್ ಫೆಸ್ಕ್ಯೂ, ಫೈನ್ ಫೆಸ್ಕ್ಯೂ, ಕೆಂಟುಕಿ ಬ್ಲೂಗ್ರಾಸ್, ರೈಗ್ರಾಸ್ ಈ ಕಡೆಯವು. ನಿಮ್ಮ ಊರು ಯಾವ ಗುಂಪಿನದು ಅನ್ನುವುದು ಮೊದಲು, ಬಿಸಿಲಿನ ಗಂಟೆ ಆಮೇಲೆ. "ನೆರಳಿಗೆ ಫೈನ್ ಫೆಸ್ಕ್ಯೂ ಅತ್ಯುತ್ತಮ" ಅಂತ ಓದಿ ಸೆಕೆಯ ಊರಿನಲ್ಲಿ ಬಿತ್ತಿದರೆ ಮೊದಲ ಬೇಸಿಗೆಯಲ್ಲೇ ಹೋಗುತ್ತದೆ. ಅದು ನೆರಳು ತಾಳುತ್ತದೆ, ಸೆಕೆ ತಾಳುವುದಿಲ್ಲ.

ಬೆಚ್ಚಗಿನ ಊರಿನವರಿಗೆ: 6 ಗಂಟೆ ಮೀರಿ ನೇರ ಬಿಸಿಲಿದ್ದರೆ ಗರಿಕೆ ಹಾಕಿ, ಎರಡನೇ ಯೋಚನೆ ಬೇಡ. ತುಳಿತಕ್ಕೂ ಬರಕ್ಕೂ ಜಗ್ಗುವುದಿಲ್ಲ, ಗಾಯ ಆದರೆ ತಾನೇ ಹಬ್ಬಿ ಮುಚ್ಚಿಕೊಳ್ಳುತ್ತದೆ. 4ರಿಂದ 6 ಗಂಟೆ ಅಂದರೆ ಝಾಯ್ಸಿಯಾ ಅಥವಾ ಸೇಂಟ್ ಅಗಸ್ಟೀನ್. ಝಾಯ್ಸಿಯಾದಲ್ಲೂ ಸಣ್ಣ ಎಲೆಯ ಮನಿಲಾ ಹುಲ್ಲು ನೆರಳನ್ನು ಚೆನ್ನಾಗಿ ತಾಳುತ್ತದೆ. ಆದರೆ ನಿಧಾನ, ಬಹಳ ನಿಧಾನ. ನೆಟ್ಟ ಜಾಗ ತುಂಬಲು ಒಂದು ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಸೇಂಟ್ ಅಗಸ್ಟೀನ್ ಬೇಗ ಹಬ್ಬುತ್ತದೆ, ಎಲೆ ಒರಟು, ನೀರು ಜಾಸ್ತಿ ಕೇಳುತ್ತದೆ. ನೆಲ ಸದಾ ಸ್ವಲ್ಪ ತೇವವಾಗಿದ್ದು, ನೆರಳೂ ಇದ್ದರೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ನೋಡಿ. ನುಣುಪಾದ ಲಾನಿನ ಅಂದ ಅದಕ್ಕಿಲ್ಲ, ಆದರೆ ಬೇರೆಯವು ಕೈಬಿಟ್ಟ ಕಡೆ ಅದು ನಿಲ್ಲುತ್ತದೆ. ನನಗೆ ಅದರ ಮೇಲೆ ಪ್ರೀತಿ ಇದೆ.

ಸೇಂಟ್ ಅಗಸ್ಟೀನ್ ಅಂದ ಮಾತ್ರಕ್ಕೆ ಎಲ್ಲಾ ತಳಿಯೂ ಒಂದೇ ಅಲ್ಲ ಅನ್ನುವುದನ್ನು ಗಮನಿಸಬೇಕು. 1973ರಲ್ಲಿ ಫ್ಲೋರಿಡಾ ಮತ್ತು ಟೆಕ್ಸಾಸ್‌ನ ವಿಶ್ವವಿದ್ಯಾಲಯಗಳು ಸೇರಿ ಬಿಡುಗಡೆ ಮಾಡಿದ ಫ್ಲೋರಾಟಾಮ್ ಬಹಳ ಹೆಸರಾದ ತಳಿ, ಆದರೆ ಆ ಜಾತಿಯಲ್ಲಿ ನೆರಳಿಗೆ ಸೋಲುವುದು ಅದೇ. ಸೆವಿಲ್‌ನಂಥ ಗಿಡ್ಡ ತಳಿಗಳು ನೆರಳಿಗೆ ವಾಸಿ. ಗರಿಕೆಯಲ್ಲೂ ಹಾಗೇ. ಟಿಫ್‌ಗ್ರ್ಯಾಂಡ್ ಅನ್ನುವ ತಳಿ ಉಳಿದವುಗಳಿಗಿಂತ ಸ್ವಲ್ಪ ಜಾಸ್ತಿ ನೆರಳು ತಾಳುತ್ತದೆ. ಆದರೆ "ನೆರಳು ತಾಳುತ್ತದೆ" ಅಂದರೆ ನೆರಳು ಇಷ್ಟ ಅಂತ ಅರ್ಥವಲ್ಲ. ಯಾವ ಲಾನ್ ಹುಲ್ಲೂ ನೆರಳಿನಲ್ಲಿ ಬಿಸಿಲಿನಲ್ಲಿದ್ದಷ್ಟು ದಟ್ಟವಾಗುವುದಿಲ್ಲ.

ತಂಪು ಊರಿನವರಿಗೆ ದಾರಿ ಸುಲಭ. ಒಣ ನೆರಳಿಗೆ ಫೈನ್ ಫೆಸ್ಕ್ಯೂ ಬಳಗ, ಅರೆನೆರಳೂ ಬೇಸಿಗೆಯ ಬಿಸಿಯೂ ಇದ್ದರೆ ಟಾಲ್ ಫೆಸ್ಕ್ಯೂ, ತೆರೆದ ಬಿಸಿಲಿಗೆ ಕೆಂಟುಕಿ ಬ್ಲೂಗ್ರಾಸ್. ಒಂದೇ ಬೀಜಕ್ಕಿಂತ ಬೆರಕೆ ಬೀಜ ಬಿತ್ತುವುದು ಒಳ್ಳೆಯದು. ಯಾವ ಮೂಲೆಗೆ ಯಾವುದು ಒಗ್ಗುತ್ತದೋ ಅದು ಅಲ್ಲಿ ಉಳಿಯುತ್ತದೆ.

3 ಗಂಟೆಗಿಂತ ಕಮ್ಮಿ ಬಂದರೆ? ಹುಲ್ಲಿನ ಆಸೆ ಬಿಡಿ, ಇಲ್ಲವೇ ಬೆಳಕು ತನ್ನಿ. ಕೆಳಗಿನ ಕೊಂಬೆಗಳನ್ನು ಸವರಿ, ಒಳಗಿನ ಒತ್ತು ಕೊಂಬೆಗಳನ್ನು ಬಿಡಿಸಿದರೆ ಒಂದೆರಡು ಗಂಟೆ ಬಿಸಿಲು ಹೆಚ್ಚಬಹುದು. ಆದರೆ ಹುಲ್ಲಿಗೋಸ್ಕರ ಮರದ ಬೇರು ಕಡಿಯಬೇಡಿ. ಬೇರು ಮುಚ್ಚಲಿ ಅಂತ ಬುಡಕ್ಕೆ ದಪ್ಪಗೆ ಮಣ್ಣೂ ಏರಿಸಬೇಡಿ, ಬೇರಿಗೆ ಉಸಿರು ಕಟ್ಟುತ್ತದೆ. ಲಾನಿನ ಒಂದು ಚಾಪೆಗೋಸ್ಕರ ಮರ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ನೆರಳಿನ ಹುಲ್ಲಿಗೆ ಆರೈಕೆಯೂ ಬೇರೆ. ಬಿಸಿಲಿನ ಭಾಗಕ್ಕಿಂತ ಎತ್ತರವಾಗಿ ಕತ್ತರಿಸಿ. ಎಲೆ ಜಾಸ್ತಿ ಇದ್ದಷ್ಟೂ ಬೆಳಕು ಹಿಡಿಯುವ ಜಾಗ ಜಾಸ್ತಿ. ಗರಿಕೆಯನ್ನು ಬಿಸಿಲಿನಲ್ಲಿ 3 ಸೆಂಟಿಮೀಟರಿಗೆ ಕತ್ತರಿಸುವವರು ಅರೆನೆರಳಿನಲ್ಲಿ 5 ಬಿಡಿ. ಸೇಂಟ್ ಅಗಸ್ಟೀನ್, ಟಾಲ್ ಫೆಸ್ಕ್ಯೂ ಎರಡಕ್ಕೂ 8ರಿಂದ 10 ಇರಲಿ. ಸಾರಜನಕ ಅರ್ಧಕ್ಕೆ ಇಳಿಸಿ. ಊಟ ತಯಾರಿಸಲು ಬೆಳಕೇ ಇಲ್ಲದಾಗ ಯೂರಿಯಾ ಹಾಕಿದರೆ, ನಾನು ಮಾಡಿಕೊಂಡ ಹಾಗೆ, ಬೇರಿನಲ್ಲಿದ್ದ ಶಕ್ತಿಯನ್ನೂ ಎಲೆಗೆ ಸುರಿದು ಹುಲ್ಲು ಸುಸ್ತಾಗುತ್ತದೆ. ಉದುರಿದ ಎಲೆಗಳನ್ನು ಆಗಾಗ ಗುಡಿಸಿ. ಇದ್ದ ಅಲ್ಪ ಬೆಳಕಿಗೂ ಅವು ಅಡ್ಡ.

ಕಾವಿನಿಂದ ಒಣಗಿದ್ದರೆ

ಬಾಯಾರಿದ ಹುಲ್ಲು ಮೊದಲು ಬಣ್ಣ ಬಿಡುತ್ತದೆ. ಹಸಿರಿಗೆ ಬೂದು, ನೀಲಿ ಛಾಯೆ ಬರುತ್ತದೆ, ಎಲೆ ಉದ್ದಕ್ಕೆ ಮಡಚಿಕೊಳ್ಳುತ್ತದೆ. ನಡೆದು ಹೋಗಿ ತಿರುಗಿ ನೋಡಿ. ಹೆಜ್ಜೆ ಗುರುತು ಹಾಗೇ ಉಳಿದಿದ್ದರೆ ಅವತ್ತೇ ನೀರು ಬೇಕು. ಈ ಹಂತದಲ್ಲಿ ಹಿಡಿದರೆ ಏನೂ ನಷ್ಟವಿಲ್ಲ.

ಆದರೆ ನೀರು ಬಿಟ್ಟ ಮರುದಿನವೂ ಅದೇ ಬಣ್ಣ ಇದ್ದರೆ ಮಣ್ಣಿನೊಳಗೆ ನೀರು ಇಳಿದಿಲ್ಲ. ಒಂದು ಸಣ್ಣ ಗುಂಡಿ ತೋಡಿ ನೋಡಿ. ಮೇಲಿನ ಎರಡು ಸೆಂಟಿಮೀಟರ್ ಮಾತ್ರ ಒದ್ದೆ, ಕೆಳಗೆ ಬೂದಿಯಂತೆ ಒಣ ಮಣ್ಣು. ದಿನಾ ಹತ್ತು ನಿಮಿಷ ಪೈಪು ಹಿಡಿದು ಚಿಮುಕಿಸುವವರ ಲಾನಿನಲ್ಲಿ ಇದೇ ಆಗುವುದು. ಬೇರು ನೀರಿರುವ ಕಡೆಗೇ ಉಳಿಯುತ್ತದೆ, ಅಂದರೆ ಮೇಲಕ್ಕೇ. ಮೇಲಿನ ಮಣ್ಣೇ ಎಲ್ಲಕ್ಕಿಂತ ಬೇಗ ಕಾಯುವುದೂ ಒಣಗುವುದೂ. ವಾರಕ್ಕೆ ಒಟ್ಟು 2.5 ಸೆಂಟಿಮೀಟರಿನಷ್ಟು ನೀರನ್ನು ಒಂದೆರಡು ಸಲದಲ್ಲಿ ಆಳಕ್ಕೆ ಕೊಡಿ, 15 ಸೆಂಟಿಮೀಟರ್ ಕೆಳಗೆ ಮಣ್ಣು ತೇವವಾಗಲಿ. ಮರಳು ಮಣ್ಣಾದರೆ ಅಷ್ಟನ್ನೇ ಮೂರು ಸಲ ಮಾಡಿ. ಕಡು ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚಿಸಬೇಕಾಗಬಹುದು. ಹೆಜ್ಜೆ ಗುರುತೇ ಅದನ್ನು ಹೇಳುತ್ತದೆ.

ಬಿಸಿಲು ಜಾಸ್ತಿ ಇರುವ, ನೀರು ಕಮ್ಮಿ ಇರುವ ಜಾಗಕ್ಕೆ ಹುಲ್ಲು ಬದಲಾಯಿಸುವುದಾದರೆ ಗರಿಕೆ, ಬಹಿಯಾ, ಝಾಯ್ಸಿಯಾ ಈ ಮೂರರಲ್ಲಿ ಒಂದು. ಬಹಿಯಾದ ಬೇರು ಬಹಳ ಆಳ, ಬಡ ಮಣ್ಣಿನಲ್ಲೂ ಬದುಕುತ್ತದೆ, ಆದರೆ ಹೂಗೊಂಚಲು ಎದ್ದು ಮೋವರಿಗೆ ಕೆಲಸ ಕೊಡುತ್ತದೆ. ತಂಪು ಹವೆಯ ಹುಲ್ಲೇ ಬೇಕಾದರೆ ಟಾಲ್ ಫೆಸ್ಕ್ಯೂ, ಅದರ ಬೇರು ಆ ಗುಂಪಿನಲ್ಲಿ ಆಳಕ್ಕೆ ಹೋಗುತ್ತದೆ.

ತಂಪು ಹವೆಯ ಹುಲ್ಲು ಕಡು ಬೇಸಿಗೆಯಲ್ಲಿ ಕಂದಾಗಿ ಮಲಗಿದರೆ ಗೊಬ್ಬರ ಹಾಕಿ ಎಬ್ಬಿಸಲು ಹೋಗಬೇಡಿ. ಎರಡು ಮೂರು ವಾರಕ್ಕೊಮ್ಮೆ ಒಂದು ಸೆಂಟಿಮೀಟರಿನಷ್ಟು ನೀರು ಸಾಕು, ಬುಡ ಸಾಯದೆ ಉಳಿಯುತ್ತದೆ. ಆ ಹೊತ್ತಿನಲ್ಲಿ ಅದರ ಮೇಲೆ ಓಡಾಟವೂ ಬೇಡ. ಕತ್ತರಿಸುವಾಗ ಒಂದೇ ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಬೇಸಿಗೆಯಲ್ಲಂತೂ ಇದನ್ನು ಮೀರಲೇಬೇಡಿ. ಬುಡಕ್ಕೆ ನೇರ ಬಿಸಿಲು ಬಿದ್ದರೆ ಮಣ್ಣು ಕಾಯುತ್ತದೆ, ಬೇರು ಬಾಡುತ್ತದೆ.

ಇನ್ನು ಆ ಗೋಡೆ ಬದಿಯ ಪಟ್ಟಿ. ಗೆಳತಿಯೊಬ್ಬಳ ಮನೆಯಲ್ಲಿ ಇಂಥ ಪಟ್ಟಿ ಇತ್ತು, ಎರಡು ಸಲ ಹುಲ್ಲು ಬದಲಾಯಿಸಿದ್ದಳು. ಅಗೆದು ನೋಡಿದರೆ ಗೋಡೆಯ ಪಾಯದ ಸಿಮೆಂಟು ಹುಲ್ಲಿನ ಕೆಳಗೆ ನಾಲ್ಕು ಬೆರಳಿಗೇ ಇತ್ತು. ಅಲ್ಲಿ ಹುಲ್ಲು ತೆಗೆದು ಒಂದೂವರೆ ಅಡಿ ಅಗಲಕ್ಕೆ ಬೆಣಚುಕಲ್ಲು ಹಾಸಿಬಿಟ್ಟಳು. ಸರಿಯಾದ ತೀರ್ಮಾನ ಅಂತಲೇ ನನಗೆ ಅನ್ನಿಸಿತು.

ಹಳದಿ ಇದೆ, ಬೋಳಾಗಿಲ್ಲ

ಇದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೆಯ, ಕೆಳಗಿನ ಎಲೆ ಮೊದಲು ಹಳದಿಯಾದರೆ ಸಾರಜನಕ ಕಮ್ಮಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬಹುಪಾಲು ಲಾನ್ ಹುಲ್ಲಿಗೆ ಪಿಎಚ್ 6ರಿಂದ 7 ಇದ್ದರೆ ಸರಿ. ಊಹೆಯ ಮೇಲೆ ಸುಣ್ಣವಾಗಲಿ ಗಂಧಕವಾಗಲಿ ಹಾಕಬೇಡಿ.

ಬೋಳು ಜಾಗ ಮುಚ್ಚುವುದು

ಕಾರಣ ಸಿಕ್ಕಿತು, ಸರಿಪಡಿಸಿಯೂ ಆಯಿತು ಅನ್ನಿ. ಈಗ ಮುಚ್ಚುವ ಕೆಲಸ. ಇಲ್ಲಿ ಒಂದೇ ಪ್ರಶ್ನೆ ಮುಖ್ಯ. ನಿಮ್ಮ ಹುಲ್ಲು ಹಬ್ಬುವಂಥದ್ದಾ, ತೆಂಡೆ ಒಡೆದು ಗುಂಪುಗಟ್ಟುವಂಥದ್ದಾ?

ಗರಿಕೆ, ಝಾಯ್ಸಿಯಾ, ಸೇಂಟ್ ಅಗಸ್ಟೀನ್ ಬಳ್ಳಿ ಬಿಟ್ಟು ಹಬ್ಬುತ್ತವೆ. ಬೋಳು ಜಾಗ ಅಂಗೈಯಷ್ಟಿದ್ದರೆ ಮಣ್ಣು ಸಡಿಲಿಸಿ, ನೀರು ಕೊಟ್ಟು ಬಿಟ್ಟುಬಿಡಿ, ತಾವೇ ಮುಚ್ಚುತ್ತವೆ. ದೊಡ್ಡದಾದರೆ ಮಾತ್ರ ನೆಡಿ. ಟಾಲ್ ಫೆಸ್ಕ್ಯೂ, ರೈಗ್ರಾಸ್ ಗುಂಪುಗಟ್ಟುವ ಹುಲ್ಲು. ಅವು ಎಷ್ಟು ಕಾದರೂ ಪಕ್ಕದ ತೆರಪು ತುಂಬುವುದಿಲ್ಲ, ಬೀಜ ಹಾಕಲೇಬೇಕು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಾದವರಿದ್ದಾರೆ.

ಟಿಫ್‌ವೇ 419ರಂಥ ಮಿಶ್ರತಳಿ ಗರಿಕೆಗಳು ಬೀಜ ಕಟ್ಟುವುದಿಲ್ಲ. ಅವುಗಳ ಹೆಸರಿನಲ್ಲಿ ಯಾರಾದರೂ ಬೀಜ ಮಾರಲು ಬಂದರೆ ಕೊಳ್ಳಬೇಡಿ. ಬಳ್ಳಿ ತುಂಡು ಅಥವಾ ಮಣ್ಣುಸಹಿತ ಹುಲ್ಲನ್ನೇ ಕೇಳಿ. ಸೇಂಟ್ ಅಗಸ್ಟೀನ್ ಕೂಡ ಹೆಚ್ಚಾಗಿ ಬಳ್ಳಿಯಿಂದಲೇ.

ಕೆಲಸ ಹೀಗೆ. ಸತ್ತ ಹುಲ್ಲನ್ನು ಬೇರುಸಹಿತ ಕೆರೆದು ತೆಗೆಯಿರಿ. ಎಂಟು ಹತ್ತು ಸೆಂಟಿಮೀಟರ್ ಆಳಕ್ಕೆ ಮಣ್ಣು ಸಡಿಲಿಸಿ, ಎರಡು ಬೆರಳು ದಪ್ಪ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಮರದ ಬೇರಿರುವ ಕಡೆ ಅಷ್ಟು ಆಳ ಬೇಡ, ಕೈಯಲ್ಲೇ ಕೆದಕಿ. ಮಟ್ಟ ಮಾಡಿ, ಸುತ್ತಲಿನ ನೆಲಕ್ಕಿಂತ ತಗ್ಗಾಗದಂತೆ ನೋಡಿಕೊಳ್ಳಿ, ತಗ್ಗಿದ್ದರೆ ನೀರು ನಿಲ್ಲುತ್ತದೆ. ಬಳ್ಳಿ ತುಂಡಿನಲ್ಲಿ ಎರಡು ಮೂರು ಗೆಣ್ಣು ಇರಲಿ, ಒಂದಾದರೂ ಗೆಣ್ಣು ಮಣ್ಣಿನೊಳಗೆ, ತುದಿ ಹೊರಗೆ. ತುಂಡುತುಂಡಾಗಿ ಕತ್ತರಿಸಿದ ಮಣ್ಣುಸಹಿತ ಹುಲ್ಲಾದರೆ 15ರಿಂದ 30 ಸೆಂಟಿಮೀಟರಿಗೊಂದು. ಝಾಯ್ಸಿಯಾಕ್ಕೆ 15 ಇಟ್ಟುಕೊಳ್ಳಿ, 30 ಬಿಟ್ಟರೆ ಕಾದು ಕಾದು ಬೇಸರವಾಗುತ್ತದೆ. ನೆಟ್ಟ ಮೇಲೆ ಕಾಲಿನಿಂದ ಮೆಲ್ಲಗೆ ಒತ್ತಿ, ಬೇರಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯಬಾರದು.

ಬೀಜವಾದರೆ ಮೇಲೆ ಕಾಲು ಅಂಗುಲಕ್ಕಿಂತ ಜಾಸ್ತಿ ಮಣ್ಣು ಬೇಡ. ರೈಗ್ರಾಸ್ ಒಂದು ವಾರದಲ್ಲೇ ತಲೆ ಎತ್ತಬಹುದು, ಟಾಲ್ ಫೆಸ್ಕ್ಯೂ ಒಂದೆರಡು ವಾರ, ಕೆಂಟುಕಿ ಬ್ಲೂಗ್ರಾಸ್ ಎರಡು ವಾರದಿಂದ ತಿಂಗಳವರೆಗೂ ತೆಗೆದುಕೊಳ್ಳುತ್ತದೆ. ಹತ್ತನೇ ದಿನಕ್ಕೆ ಏನೂ ಕಾಣಲಿಲ್ಲ ಅಂತ ಮತ್ತೆ ಬಿತ್ತಬೇಡಿ.

ಮೊದಲ ಎರಡು ವಾರ ಮಾತ್ರ ಮೇಲೆ ಹೇಳಿದ ಆಳದ ನೀರಿನ ನಿಯಮ ಬದಿಗಿಡಿ. ದಿನಕ್ಕೆರಡು ಸಲ ಸ್ವಲ್ಪ ಸ್ವಲ್ಪ, ಮೇಲಿನ ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಬೇರು ಹಿಡಿದ ಮೇಲೆ ನಿಧಾನವಾಗಿ ಅಂತರ ಹೆಚ್ಚಿಸಿ. ಬೆಚ್ಚಗಿನ ಹವೆಯ ಹುಲ್ಲನ್ನು ಬಿಸಿಲು ಏರುವ ಕಾಲದಲ್ಲಿ ನೆಡಿ, ತಂಪು ಹವೆಯದನ್ನು ಬೇಸಿಗೆ ಇಳಿದ ಮೇಲೆ ಬಿತ್ತಿ. ಕಾಲ ತಪ್ಪಿದರೆ ಉಳಿದದ್ದೆಲ್ಲಾ ಸರಿಯಿದ್ದರೂ ಹುಲ್ಲು ಹಿಡಿಯುವುದು ಕಷ್ಟ.

ಗಟ್ಟಿ ಮಣ್ಣಿನಿಂದ ಬೋಳಾದ ಕಡೆ ಇದಿಷ್ಟು ಸಾಲದು. ಸುತ್ತಲಿನ ನೆಲವನ್ನೂ ಮಣ್ಣಿನ ಬಿಲ್ಲೆ ಕಿತ್ತು ತೆಗೆಯುವ ಟೊಳ್ಳು ಮೊಳೆಯ ಸಾಧನದಿಂದ 5ರಿಂದ 7 ಸೆಂಟಿಮೀಟರ್ ಆಳಕ್ಕೆ ತೂತು ಮಾಡಿಸಿ. ಬರೀ ಚೂಪು ಮೊಳೆ ಚುಚ್ಚಿದರೆ ತೂತಿನ ಸುತ್ತ ಮಣ್ಣು ಇನ್ನಷ್ಟು ಒತ್ತುತ್ತದೆ. ಓಡಾಟದಿಂದ ಸವೆದ ದಾರಿಯಾದರೆ ಹೆಜ್ಜೆಗೊಂದು ಚಪ್ಪಡಿ ಹಾಕಿ. ಜನ ನಡೆಯುವ ದಾರಿಯನ್ನು ಹುಲ್ಲು ಬದಲಾಯಿಸುವುದಿಲ್ಲ.

ನನ್ನ ಮರದ ಕೆಳಗಿನ ಜಾಗದ ಕಥೆ ಅರ್ಧಕ್ಕೇ ನಿಲ್ಲಿಸಿದ್ದೆ ಅಲ್ವಾ? ಕೆಳಗಿನ ಎರಡು ಕೊಂಬೆ ಸವರಿದ ಮೇಲೆ ಹೊರ ಅಂಚಿಗೆ 4 ಗಂಟೆ ಬಿಸಿಲು ಬಂತು. ಅಲ್ಲಿ ಸೇಂಟ್ ಅಗಸ್ಟೀನ್ ನೆಟ್ಟೆ. ಬುಡದ ಹತ್ತಿರ ಇನ್ನೂ 3 ಗಂಟೆ ದಾಟಲಿಲ್ಲ, ಅಲ್ಲಿ ಹುಲ್ಲು ಹಾಕಲಿಲ್ಲ. ಒಣ ಎಲೆ, ತೊಗಟೆ ಚೂರು ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಟ್ಟೆ. ಈಗ ಎರಡನೇ ವರ್ಷ. ಆರು ವಾರಕ್ಕೊಮ್ಮೆ ಹೋಗಿ ಒಂದು ಹಿಡಿ ಹಿಡಿದು ಎಳೆದು ನೋಡುತ್ತೇನೆ. ಹೊರ ಅಂಚಿನ ಹುಲ್ಲು ಬಿಗಿಯಾಗಿ ನಿಂತಿದೆ.